ಕೀಲು ನೋವು ಹೋಯ್ತು, ಇಂಜೆಕ್ಷನ್ ಇನ್ನೂ ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 11 ವರ್ಷ, ತೂಕ 29 ಕೆ.ಜಿ. ಮೂರು ತಿಂಗಳ ಹಿಂದೆ ಜ್ವರ ಬಂದು ಬಲ ಮಂಡಿ ಊದಿಕೊಂಡಿತು. ಅದು ಇಳಿಯುವ ಹೊತ್ತಿಗೆ ಎಡಗಾಲಿನ ಹರಡು, ಆಮೇಲೆ ಮೊಣಕೈ. ಎಲ್ಲರೂ ಚಿಕೂನ್‌ಗುನ್ಯಾ ಅಂದರು. ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆಗೆ ಎರಡು ದಿನ ಕಡಿಮೆಯಾಗಿ ಮತ್ತೆ ಬಂತು. ಮೈಸೂರಿಗೆ ಕರೆದುಕೊಂಡು ಹೋದೆವು. ಹೃದಯದ ಎಕೋ ಸ್ಕ್ಯಾನ್ ಮಾಡಿ, ಇದು ರುಮ್ಯಾಟಿಕ್ ಜ್ವರ, ಹೃದಯದ ಒಂದು ವಾಲ್ವ್ ಸ್ವಲ್ಪ ಲೀಕ್ ಆಗುತ್ತಿದೆ ಅಂದರು. 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ಅದೂ 25 ವರ್ಷ ತುಂಬುವವರೆಗೆ ಅಂತೆ! ಈಗ ಮಗಳು ಕುಣಿದಾಡಿಕೊಂಡಿದ್ದಾಳೆ. ಆಸ್ಪಿರಿನ್ ಮಾತ್ರೆ ಮುಗಿದು ತಿಂಗಳಾಯಿತು, ನೋವೇ ಇಲ್ಲ. ಹಾಗಿದ್ದ ಮೇಲೆ ಇಂಜೆಕ್ಷನ್ ಬೇಕಾ? ರಕ್ತ ಪರೀಕ್ಷೆಯಲ್ಲಿ ಎಎಸ್‌ಓ 600 ಇದ್ದದ್ದು ಈಗ 400ಕ್ಕೆ ಬಂದಿದೆ, ಪೂರ್ತಿ ಇಳಿದ ಮೇಲೆ ನಿಲ್ಲಿಸಬಹುದಾ? ನಮ್ಮತ್ತೆ, ಈ ಇಂಜೆಕ್ಷನ್ ಉಷ್ಣ, ಹೆಣ್ಣುಮಗೂಗೆ ಮುಂದೆ ಮಕ್ಕಳಾಗಲ್ಲ ಅಂತಾರೆ. ಮೊಸರು, ಬಾಳೆಹಣ್ಣು ನಿಲ್ಲಿಸಿದ್ದಾರೆ. 7 ವರ್ಷದ ಮಗನಿಗೂ ಆಗಾಗ ಗಂಟಲು ನೋವು ಬರುತ್ತೆ, ಅವನಿಗೂ ಬಂದರೆ ಅಂತ ಭಯ. ಇನ್ನೊಂದು, ಮುಂದಿನ ಇಂಜೆಕ್ಷನ್ ಗೌರಿ ಹಬ್ಬದ ಬುಧವಾರವೇ ಬಿದ್ದಿದೆ. ನಾವು ತವರಿಗೆ ಹೋಗಬೇಕು. ಒಂದು ವಾರ ಬಿಟ್ಟು ಹಾಕಿಸಿದರೆ ಆಗುತ್ತಾ?

ಉತ್ತರ: ತಾಯಿ, ನಿಮ್ಮ ಪತ್ರ ಎರಡು ಸಲ ಓದಿದೆ. ಹಬ್ಬದ ವಿಷಯ ಕೊನೆಗೆ ಹೇಳುತ್ತೇನೆ. ಮೊದಲ ಪ್ರಶ್ನೆಗೆ ನೇರ ಉತ್ತರ: ಇಂಜೆಕ್ಷನ್ ನಿಲ್ಲಿಸಬೇಡಿ. ಆಸ್ಪಿರಿನ್ ಕೊಟ್ಟಿದ್ದು ಮಂಡಿ ನೋವಿಗೆ. ನೋವು ಹೋಯಿತು, ಅದರ ಕೆಲಸ ಮುಗಿಯಿತು. ಇಂಜೆಕ್ಷನ್ ಕೊಡುತ್ತಿರುವುದು ನೋವಿಗಲ್ಲ. ನಿಮ್ಮ ಮಗಳ ನಿಜವಾದ ಚಿಕಿತ್ಸೆ ನಡೆಯುತ್ತಿರುವುದೇ ಈಗ, ಅವಳು ಕುಣಿದಾಡುತ್ತಿರುವಾಗ.

ಇದು ಒಪ್ಪೋಕೆ ಕಷ್ಟ ಅಂತ ಗೊತ್ತು. ನೋವಿದ್ದರೆ ಔಷಧಿ, ನೋವು ಹೋದರೆ ಔಷಧಿ ಬಂದ್, ನಾವೆಲ್ಲ ಬೆಳೆದಿರುವುದೇ ಹಾಗೆ. ಆದರೆ ಈ ಕಾಯಿಲೆಯ ರೀತಿ ಬೇರೆ. ಅದು ಎಲ್ಲಿಂದ ಬಂತು ಅಂತ ತಿಳಿದರೆ ಇಂಜೆಕ್ಷನ್ ಯಾಕೆ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಶುರುವಾಗಿದ್ದು ಮಂಡಿಯಲ್ಲಲ್ಲ, ಗಂಟಲಲ್ಲಿ. ಮಂಡಿ ಊದುವುದಕ್ಕೆ ಎರಡು ಮೂರು ವಾರ ಮೊದಲು ಅವಳಿಗೆ ಗಂಟಲು ನೋವು ಬಂದಿರಬೇಕು. ನಿಮಗೆ ನೆನಪಿಲ್ಲದಿರಬಹುದು. ಮೂವರಲ್ಲಿ ಒಬ್ಬರ ಮನೆಯವರಿಗೆ ಅದು ನೆನಪೇ ಇರುವುದಿಲ್ಲ. ಆ ನೋವು ತಂದದ್ದು ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ, ಅದರಲ್ಲೂ 'ಎ' ಗುಂಪಿನದು. ದೇಹ ಅದರ ಮೇಲೆ ಯುದ್ಧಕ್ಕೆ ಹೋಗುತ್ತದೆ. ತೊಂದರೆ ಏನೆಂದರೆ, ಈ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಪ್ರೋಟೀನುಗಳು ನಮ್ಮ ಹೃದಯ, ಕೀಲುಗಳಲ್ಲಿರುವ ಪ್ರೋಟೀನುಗಳ ಹಾಗೇ ಇರುತ್ತವೆ. ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಭತ್ತದ ಗದ್ದೆಯಲ್ಲಿ ಪೈರಿನ ಹಾಗೇ ಕಾಣುವ ಒಂದು ಹುಲ್ಲು ಬೆಳೆಯುತ್ತದಲ್ಲ, ಕಳೆ ಕೀಳೋಕೆ ಹೊಸಬರನ್ನು ಇಳಿಸಿದರೆ ಹುಲ್ಲಿನ ಜೊತೆ ಪೈರನ್ನೂ ಕಿತ್ತು ಬದುವಿಗೆ ಹಾಕುತ್ತಾರೆ. ದೇಹ ಮಾಡುವುದೂ ಅದನ್ನೇ. ಬ್ಯಾಕ್ಟೀರಿಯಾ ಗಂಟಲಿನಿಂದ ಹೋಗಿ ವಾರಗಳೇ ಆಗಿದ್ದರೂ ಕೀಳುವ ಕೈ ನಿಂತಿರುವುದಿಲ್ಲ.

ಹಾಗಾಗಿ ಮಂಡಿಯಲ್ಲಿ ಕೀವಿಲ್ಲ, ಬ್ಯಾಕ್ಟೀರಿಯಾ ಇಲ್ಲ. ಸುಮ್ನೆ ಊತ, ಕೆಂಪು, ಮುಟ್ಟಿದರೆ ಕಿರುಚುವಷ್ಟು ನೋವು. ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವುದು ಈ ಜ್ವರದ ಗುರುತು, ನೀವು ಬರೆದಿದ್ದೀರಲ್ಲ, ಮಂಡಿ, ಹರಡು, ಮೊಣಕೈ ಅಂತ, ಅಚ್ಚು ಹಾಗೇ. ಇನ್ನೊಂದು ಗುರುತು, ಸರಿಯಾದ ಅಳತೆಯಲ್ಲಿ ಆಸ್ಪಿರಿನ್ ಕೊಟ್ಟರೆ ಎರಡು ಮೂರು ದಿನದಲ್ಲಿ ಮಗು ಎದ್ದು ಓಡಾಡುತ್ತದೆ. ಇಳಿಯದಿದ್ದರೆ ನಾವೇ ಅನುಮಾನ ಪಡುತ್ತೇವೆ, ಇದು ಬೇರೆ ಏನೋ ಇರಬಹುದು ಅಂತ. ಮಗು ಬಿಳುಚಿಕೊಂಡಿದ್ದು, ಮೂಳೆ ನೋವು, ಜ್ವರ ಅಂತ ಬಂದರೆ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಾಗುತ್ತದೆ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಬೇಡ ಅಂತ ನಾನು ರೇಗುವುದು ಇದಕ್ಕೇ. ಅರ್ಧಂಬರ್ಧ ಮಾತ್ರೆ ನುಂಗಿಸಿದರೆ ಹಾರುವ ನೋವು ಹಾರುವುದು ನಿಲ್ಲಿಸುತ್ತದೆ, ನಮಗೆ ಕಾಯಿಲೆಯ ಮುಖವೇ ಕಾಣುವುದಿಲ್ಲ. ನಿಮ್ಮ ಮಗಳ ಅದೃಷ್ಟ, ನೋವು ಮತ್ತೆ ಬಂತು, ನೀವು ಮೈಸೂರಿಗೆ ಹೊರಟಿರಿ.

ಈ ಕೀಲು ನೋವಿನಿಂದ ಕೀಲು ಹಾಳಾಗುವುದಿಲ್ಲ. ಔಷಧಿಯನ್ನೇ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನೇ ಹೋಗುತ್ತಿತ್ತು. ಲಾಸೆಗ್ ಅನ್ನುವ ಫ್ರೆಂಚ್ ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲಿ ಹೇಳಿದ ಮಾತೊಂದನ್ನು ಮೆಡಿಕಲ್ ಕಾಲೇಜಿನಲ್ಲಿ ಇವತ್ತಿಗೂ ಉರು ಹೊಡೆಸುತ್ತಾರೆ: ಈ ಜ್ವರ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ. ನೆಕ್ಕಿದ್ದು ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಮಗು ಅಳುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ.

ಕಚ್ಚುವುದು ಸಾಮಾನ್ಯವಾಗಿ ಹೃದಯದ ಎಡಭಾಗದ ಮೈಟ್ರಲ್ ವಾಲ್ವನ್ನು, ಆಮೇಲೆ ಅಯೋರ್ಟಿಕ್ ವಾಲ್ವನ್ನು. ವಾಲ್ವ್ ಅಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು, ರಕ್ತ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬಾರದು. ಊತ ಬಂದ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಅದೇ ನಿಮಗೆ ಹೇಳಿದ 'ಲೀಕ್'. ಸ್ಟೆತಸ್ಕೋಪ್ ಇಟ್ಟರೆ ಲಬ್-ಡಬ್ ನಡುವೆ ಸಣ್ಣಗೆ 'ಉಸ್' ಅನ್ನುವ ಶಬ್ದ ಕೇಳುತ್ತದೆ. ಸೋರಿಕೆ ತೀರಾ ಕಡಿಮೆ ಇದ್ದರೆ ನಮ್ಮ ಕಿವಿಗೂ ಬೀಳುವುದಿಲ್ಲ, ಎಕೋದಲ್ಲಿ ಮಾತ್ರ ಕಾಣುತ್ತದೆ. ಜೋನ್ಸ್ ಅನ್ನುವ ಅಮೆರಿಕದ ವೈದ್ಯರು 1944ರಲ್ಲಿ ಈ ಕಾಯಿಲೆ ಗುರುತಿಸಲು ಒಂದು ನಿಯಮಾವಳಿ ಮಾಡಿದರು. ನಾವು ಈಗಲೂ ಬಳಸುವುದು ಅದನ್ನೇ. 2015ರಲ್ಲಿ ತಿದ್ದುಪಡಿಯಾದಾಗ, ಕಿವಿಗೆ ಕೇಳದೆ ಎಕೋದಲ್ಲಿ ಮಾತ್ರ ಕಾಣುವ ಸೋರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅದಕ್ಕೇ ಕೀಲು ನೋವು ಅಂತ ಬಂದ ಮಗುವಿಗೆ ಎಕೋ ಯಾಕೆ ಬರೆದರು ಅಂತ ಅನುಮಾನ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೆನಿಸಿಲಿನ್ ಆ ವಾಲ್ವನ್ನು ರಿಪೇರಿ ಮಾಡುವುದಿಲ್ಲ. ಅದು ಮಾಡುವುದು ಒಂದೇ ಕೆಲಸ, ಮತ್ತೆ ಆ ಬ್ಯಾಕ್ಟೀರಿಯಾ ಗಂಟಲಲ್ಲಿ ಬೇರೂರದ ಹಾಗೆ ಕಾವಲು ಕಾಯುವುದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಅಂಥ ಗಂಟಲು ನೋವು ಬಂದರೆ, ಜ್ವರ ಮರುಕಳಿಸುವ ಸಾಧ್ಯತೆ ಬೇರೆ ಮಕ್ಕಳಿಗಿಂತ ತುಂಬಾ ಜಾಸ್ತಿ. ಮೊದಲ ಸಲ ಹೃದಯಕ್ಕೆ ಮುಟ್ಟಿದ್ದರೆ ಎರಡನೇ ಸಲವೂ ಅಲ್ಲಿಗೇ ಮುಟ್ಟುತ್ತದೆ. ಪ್ರತಿ ಸಲವೂ ವಾಲ್ವಿನ ಮೇಲೆ ಇನ್ನೊಂದು ಗಾಯ, ಗಾಯ ಮಾಯ್ದ ಮೇಲೆ ಇನ್ನೊಂದು ಕಲೆ. ಮರುಕಳಿಸದಂತೆ ನೋಡಿಕೊಂಡರೆ? ಸಣ್ಣ ಸೋರಿಕೆ ಇರುವ ಸಾಕಷ್ಟು ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಕಾಣದಂತೆ ಹೋಗುತ್ತದೆ. ನಿಮ್ಮ ಮಗಳು ಈಗ ಇರುವುದು ಈ ಕವಲಿನಲ್ಲಿ.

ಬಿಟ್ಟರೆ ಏನಾಗುತ್ತದೆ ಅಂತ ಒಂದು ನಡೆದದ್ದನ್ನೇ ಹೇಳುತ್ತೇನೆ. ಕೆ.ಆರ್. ಪೇಟೆ ಕಡೆಯ ಹುಡುಗಿ, ಹತ್ತು ವರ್ಷವಿದ್ದಾಗ ನನ್ನ ಹತ್ತಿರ ಬಂದಿದ್ದಳು, ನಿಮ್ಮ ಮಗಳ ಹಾಗೇ ಸಣ್ಣ ಲೀಕ್. ಐದು ವರ್ಷ ಅವಳಪ್ಪ ಒಂದು ಸಲವೂ ತಪ್ಪಿಸದೆ ಕರೆದುಕೊಂಡು ಬಂದರು. ಎಸ್ಸೆಸ್ಸೆಲ್ಸಿ ಆಯಿತು, ಹಾಸ್ಟೆಲ್ ಸೇರಿದಳು. ಅಲ್ಲಿ ಕರೆದುಕೊಂಡು ಹೋಗುವವರು ಯಾರು? ನಿಂತುಹೋಯಿತು. ಯಾರೂ ಬೇಕಂತ ನಿಲ್ಲಿಸಲಿಲ್ಲ, ಸುಮ್ನೆ ನಿಂತಿತು. ಮತ್ತೆ ನೋಡಿದಾಗ ಅವಳಿಗೆ 22, ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಸಮಾಧಾನ. ಬಸುರಿಯಲ್ಲಿ ಇದೆಲ್ಲ ಇದ್ದದ್ದೇ ಅಂತ ಮನೆಯವರು ಒಂದು ತಿಂಗಳು ಕಳೆದಿದ್ದರು. ಎಕೋದಲ್ಲಿ ನೋಡಿದರೆ ಮೈಟ್ರಲ್ ವಾಲ್ವ್ ಅಂಟಿಕೊಂಡು ಸಣ್ಣ ಸೀಳಿನ ಹಾಗಾಗಿತ್ತು. ಸೋರುತ್ತಿದ್ದ ಬಾಗಿಲು ಈಗ ತೆರೆಯಲಾರದ ಬಾಗಿಲು. ತೊಡೆಸಂದಿಯ ರಕ್ತನಾಳದ ಮೂಲಕ ಬಲೂನ್ ಹೋಗಿ ವಾಲ್ವನ್ನು ಬಿಡಿಸಿದರು, ಹೊಟ್ಟೆಯ ಮೇಲೆ ಸೀಸದ ಹೊದಿಕೆ ಹಾಕಿ. ತಾಯಿ, ಮಗು ಇಬ್ಬರೂ ಉಳಿದರು. ಈ ಬಲೂನ್ ವಿಧಾನ ಜಪಾನಿನ ಇನೋಯಿ ಅನ್ನುವ ಸರ್ಜನ್ 1980ರ ದಶಕದಲ್ಲಿ ತಂದದ್ದು. ನಮ್ಮ ರಾಜ್ಯದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎಷ್ಟೋ ವರ್ಷದಿಂದ ದೊಡ್ಡ ಸಂಖ್ಯೆಯಲ್ಲಿ ಮಾಡುತ್ತಿದ್ದಾರೆ.

ಇಷ್ಟು ಚಿಕ್ಕ ವಯಸ್ಸಿಗೇ ವಾಲ್ವ್ ಅಂಟಿಕೊಳ್ಳುವುದು ಹಳೆಯ ಪಾಶ್ಚಾತ್ಯ ಪುಸ್ತಕಗಳ ಪ್ರಕಾರ ಅಪರೂಪ. ಅಪರೂಪವಲ್ಲ, ಭಾರತದಲ್ಲಿ ಇಪ್ಪತ್ತರ ಒಳಗಿನವರಲ್ಲೂ ಇದು ಕಾಣುತ್ತದೆ ಅಂತ ದಿಲ್ಲಿಯ ವೈದ್ಯರು 1963ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ನಿಮ್ಮನ್ನು ಹೆದರಿಸೋಕೆ ಇದನ್ನು ಹೇಳಲಿಲ್ಲ. ಹುಷಾರಾಗಿ ನೋಡಬೇಕಾದ ಕಾಲ ಈಗಿನದಲ್ಲ, ಅವಳು ಪಿಯುಸಿಗೆ ಹೋಗುವ ಕಾಲ ಅಂತ ಹೇಳೋಕೆ. ಈಗ ನೀವಿದ್ದೀರಿ, ಕರೆದುಕೊಂಡು ಹೋಗುತ್ತೀರಿ. ಹದಿನೈದು ತುಂಬುವುದರೊಳಗೆ ತನ್ನ ಕಾಯಿಲೆಯ ಹೆಸರು, ಇಂಜೆಕ್ಷನ್ ಹೆಸರು, ಎಷ್ಟು ಲಕ್ಷ ಯೂನಿಟ್, ಎಲ್ಲ ಅವಳ ಬಾಯಲ್ಲೇ ಬರಬೇಕು.

ಎಷ್ಟು ವರ್ಷ ಅನ್ನುವ ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಮಕ್ಕಳ ವೈದ್ಯರು ಪಾಲಿಸುವ ನಿಯಮದಲ್ಲಿ, ಹೃದಯಕ್ಕೆ ಮುಟ್ಟದ ಮಗುವಿಗೆ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ದೂರವೋ ಅದು. ಸಣ್ಣ ಅಥವಾ ಮಧ್ಯಮ ತೊಂದರೆಯಾಗಿದ್ದರೆ ಹತ್ತು ವರ್ಷ ಅಥವಾ 25 ತುಂಬುವವರೆಗೆ. ತೀವ್ರವಾಗಿದ್ದರೆ, ಆಪರೇಷನ್ ಆಗಿದ್ದರೆ, 40 ವರ್ಷದವರೆಗೋ ಬದುಕಿರುವವರೆಗೋ. ನಿಮ್ಮ ಮಗಳಿಗೆ ಹತ್ತು ವರ್ಷ ಅಂದರೆ 21ಕ್ಕೆ ಮುಗಿಯುತ್ತದೆ, ಅದಕ್ಕಿಂತ 25 ದೂರ, ಆದ್ದರಿಂದ 25. ವೈದ್ಯರು ಸರಿಯಾಗೇ ಹೇಳಿದ್ದಾರೆ. ಹದಿನಾಲ್ಕು ವರ್ಷ, ಸುಮಾರು 240 ಇಂಜೆಕ್ಷನ್. ಈ ಸಂಖ್ಯೆ ಬರೆಯುವಾಗ ನನಗೂ ಕೈ ತಡೆಯುತ್ತದೆ. ಮಗುವಿನ ಎದುರು ಹೇಳಬೇಡಿ. ಅವಳಿಗೆ ಯಾವಾಗಲೂ ಮುಂದಿನ ಒಂದೇ ಇಂಜೆಕ್ಷನ್.

21 ದಿನವೇ ಯಾಕೆ, ತಿಂಗಳಿಗೊಂದು ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಈ ಔಷಧಿಯ ಹೆಸರು ಬೆಂಜಥೀನ್ ಪೆನಿಸಿಲಿನ್. ಮಾಮೂಲಿ ಪೆನಿಸಿಲಿನ್ ಕೆಲವೇ ಗಂಟೆಯಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಇದು ಹಾಗಲ್ಲ, ಮಾಂಸಖಂಡದಲ್ಲಿ ಗಡ್ಡೆಯ ಹಾಗೆ ಕೂತು ಚೂರು ಚೂರೇ ಕರಗಿ ರಕ್ತಕ್ಕೆ ಇಳಿಯುತ್ತದೆ. ಹನಿ ನೀರಾವರಿ ಅಂದುಕೊಳ್ಳಿ. ಮೂರು ವಾರ ದಾಟಿ ನಾಲ್ಕನೆಯ ವಾರಕ್ಕೆ ಬಂದರೆ ಹನಿ ತೀರಾ ತೆಳುವಾಗುತ್ತದೆ, ಕಾವಲು ಸಡಿಲವಾಗುತ್ತದೆ. 21 ದಿನಕ್ಕೊಂದರಂತೆ ವರ್ಷಕ್ಕೆ 17 ಇಂಜೆಕ್ಷನ್, ತಿಂಗಳಿಗೊಂದಾದರೆ 12. ಐದು ಕಮ್ಮಿ. ತಾರೀಕು ಎಣಿಸುವ ಕಷ್ಟಕ್ಕೆ ಒಂದು ಸುಲಭ ದಾರಿ ಇದೆ. 21 ಅಂದರೆ ಸರಿಯಾಗಿ ಮೂರು ವಾರ, ಆದ್ದರಿಂದ ವಾರ ಬದಲಾಗುವುದಿಲ್ಲ. ಬುಧವಾರ ಹಾಕಿಸಿದರೆ ಯಾವಾಗಲೂ ಬುಧವಾರವೇ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಡೀ ವರ್ಷದ ಬುಧವಾರಗಳಿಗೆ ಎರಡು ಬಿಟ್ಟು ಒಂದಕ್ಕೆ ಸುತ್ತು ಹಾಕಿಬಿಡಿ. ನನ್ನ ಪೇಷಂಟ್ ಒಬ್ಬರ ಅಜ್ಜಿ, ಓದು ಬರಹ ಬಾರದವರು, ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿಗೆ ಅರಿಶಿನದ ಬೊಟ್ಟು ಇಟ್ಟುಕೊಂಡು ಆರು ವರ್ಷ ಒಂದೂ ತಪ್ಪಿಸಲಿಲ್ಲ.

ಇಂಜೆಕ್ಷನ್ ನೋಯುತ್ತದೆ. ನೋಯುವುದಿಲ್ಲ ಅಂತ ಮಗುವಿಗೆ ಸುಳ್ಳು ಹೇಳಬೇಡಿ, ಎರಡನೇ ಸಲಕ್ಕೆ ಅವಳು ನಿಮ್ಮನ್ನು ನಂಬುವುದಿಲ್ಲ. ಆದರೆ ನೋವು ಕಡಿಮೆ ಮಾಡಬಹುದು. ಸಣ್ಣ ಸೀಸೆಯಲ್ಲಿ ಬಿಳೀ ಪುಡಿ ಇರುತ್ತದೆ. ನೀರು ಬೆರೆಸಿ ಕುಲುಕಿದರೆ ಗಟ್ಟಿ ಹಾಲಿನ ಹಾಗಾಗುತ್ತದೆ. ಅದು ಪೂರ್ತಿ ಕರಗುವ ಔಷಧಿಯಲ್ಲ, ಬೆರೆಸಿ ಹಾಗೇ ಬಿಟ್ಟರೆ ತಳಕ್ಕೆ ಕೂರುತ್ತದೆ, ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಮತ್ತೊಂದು ಚುಚ್ಚು. ನಮ್ಮ ಓಪಿಡಿಯಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಫ್ರಿಜ್ಜಿನಿಂದ ತೆಗೆದ ನೀರನ್ನು ಯಾವತ್ತೂ ಹಾಕುತ್ತಿರಲಿಲ್ಲ. ಬೆರೆಸಿದ ಸೀಸೆಯನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು, ಕಡೆಗೋಲು ತಿರುಗಿಸುವ ಹಾಗೆ ಉಜ್ಜುತ್ತ, ಮಗುವಿನ ಹತ್ತಿರ ಸ್ಕೂಲಿನ ಸುದ್ದಿ ಕೇಳುತ್ತಿದ್ದರು. ಮಗು ಮೇಷ್ಟ್ರ ಮೇಲೆ ದೂರು ಹೇಳಿ ಮುಗಿಸುವಷ್ಟರಲ್ಲಿ ಔಷಧಿ ಬೆಚ್ಚಗಾಗಿ ನುಣ್ಣಗಾಗಿರುತ್ತಿತ್ತು. ಸೂಜಿ ಆಳಕ್ಕೆ ಹೋದ ಮೇಲೆ ಅವಸರವಿಲ್ಲ, ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನಕ್ಕೆ ಒತ್ತುತ್ತಿದ್ದರು. ಜೊತೆಗೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಸ್ವಲ್ಪ ಬೆರೆಸುವುದೂ ಉಂಟು, ಡಾಕ್ಟರನ್ನು ಕೇಳಿ ನೋಡಿ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಮನೆಗೆ ಬಂದು ಬಿಸಿನೀರಿನ ಬಟ್ಟೆ ಒತ್ತಿ, ಓಡಾಡಲಿ, ಮಲಗಿಸಬೇಡಿ. ಅಳತೆ 27 ಕೆ.ಜಿ.ಗಿಂತ ಕಡಿಮೆ ಇದ್ದರೆ 6 ಲಕ್ಷ ಯೂನಿಟ್, ಜಾಸ್ತಿ ಇದ್ದರೆ 12 ಲಕ್ಷ. ನಿಮ್ಮ ಮಗಳು 29 ಕೆ.ಜಿ., ಹಾಗಾಗಿ 12.

ಅಲರ್ಜಿಯ ಭಯದಿಂದ ಕೆಲವು ಕಡೆ ಈ ಇಂಜೆಕ್ಷನ್ ಹಾಕೋಕೇ ಒಪ್ಪುವುದಿಲ್ಲ. ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ತುಂಬಾ ವಿರಳ, ಆದರೆ ಇಲ್ಲವೇ ಇಲ್ಲ ಅನ್ನಲಾಗುವುದಿಲ್ಲ. ಅದಕ್ಕೇ ತುರ್ತು ಔಷಧಿ ಇಟ್ಟುಕೊಂಡಿರುವ ಆಸ್ಪತ್ರೆಯಲ್ಲೇ ಹಾಕಿಸಿ, ಮೊದಲು ಚೂರೇ ಔಷಧಿ ಹಾಕಿ ನೋಡುವ ಟೆಸ್ಟ್ ಡೋಸ್ ಮಾಡಿಸಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಹಸಿದ ಹೊಟ್ಟೆಯಲ್ಲಿ ಬೇಡ. ತಲೆಸುತ್ತಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರು ಬೀಳುವುದು ಅಲರ್ಜಿಯಿಂದಲ್ಲ, ಹೆದರಿಕೆ ಮತ್ತು ಹಸಿವಿನಿಂದ. ಮಲಗಿಸಿ ಹಾಕಿದರೆ ಅದೂ ತಪ್ಪುತ್ತದೆ. ವಾಲ್ವ್ ತುಂಬಾ ಕೆಟ್ಟಿರುವವರಿಗೆ, ಹೃದಯ ಸೋತಿರುವವರಿಗೆ ಇಂಜೆಕ್ಷನ್‌ಗಿಂತ ಮಾತ್ರೆಯೇ ವಾಸಿ ಅಂತ 2022ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘ ಸಲಹೆ ಕೊಟ್ಟಿತು. ನಿಮ್ಮ ಮಗಳು ಆ ಗುಂಪಿನವಳಲ್ಲ. ಅವಳಿಗೂ ದಿನಕ್ಕೆರಡು ಪೆನಿಸಿಲಿನ್ ಮಾತ್ರೆ ಕೊಡಬಹುದು, ನಿಜ. ಆದರೆ 14 ವರ್ಷ ದಿನಕ್ಕೆ ಎರಡು ಮಾತ್ರೆ ತಪ್ಪದೆ ನುಂಗುವ ಮಗುವನ್ನು ನಾನಂತೂ ಇನ್ನೂ ನೋಡಿಲ್ಲ.

ಎಎಸ್‌ಓ ಪ್ರಶ್ನೆ. ಈ ರಿಪೋರ್ಟ್ ಹಿಡಿದುಕೊಂಡು ಬರುವಷ್ಟು ಜನ ಬೇರೆ ಯಾವುದಕ್ಕೂ ಬರುವುದಿಲ್ಲ. ಎಎಸ್‌ಓ ಅಂದರೆ ಕಾಯಿಲೆ ಅಲ್ಲ. ಆ ಬ್ಯಾಕ್ಟೀರಿಯಾ ಇತ್ತೀಚೆಗೆ ಗಂಟಲಿಗೆ ಬಂದು ಹೋಗಿತ್ತು ಅನ್ನುವುದಕ್ಕೆ ಹೆಜ್ಜೆ ಗುರುತು, ಅಷ್ಟೇ. ತೋಟದಲ್ಲಿ ಆನೆ ಹೆಜ್ಜೆ ಕಂಡರೆ ಆನೆ ಬಂದಿತ್ತು ಅಂತ ಗೊತ್ತಾಗುತ್ತದೆ. ಹೆಜ್ಜೆ ಅಳಿಸಿಹೋದರೆ ಆನೆ ಇನ್ನು ಬರುವುದಿಲ್ಲ ಅಂತ ಅರ್ಥವಾ? ಈ ಸಂಖ್ಯೆ ತಿಂಗಳುಗಟ್ಟಲೆ ಮೇಲೇ ಇರಬಹುದು, ಪೂರ್ತಿ ಇಳಿಯಲೂಬಹುದು. ಎರಡಕ್ಕೂ ಇಂಜೆಕ್ಷನ್ ನಿಲ್ಲಿಸುವುದಕ್ಕೂ ಸಂಬಂಧವಿಲ್ಲ. ಲ್ಯಾಬಿನ ಕಾಗದದಲ್ಲಿ 200 ಅಂತ ಮಿತಿ ಅಚ್ಚಾಗಿರುತ್ತದೆ, ಆದರೆ ಸ್ಕೂಲಿಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ 300ರ ಸುಮಾರು ಇರುವುದುಂಟು. ಬರೀ ಎಎಸ್‌ಓ ಜಾಸ್ತಿ ಇದೆ ಅಂತ, ಕೀಲೂ ಊದದ, ಎಕೋನೂ ಸರಿಯಿರುವ ಮಕ್ಕಳಿಗೆ ವರ್ಷಗಟ್ಟಲೆ ಪೆನಿಸಿಲಿನ್ ಹಾಕಿಸಿರುವುದನ್ನೂ ನೋಡಿದ್ದೇನೆ. ಪಾಪ ಅನ್ನಿಸುತ್ತದೆ. ನೀವು ಇನ್ನು ಅದನ್ನು ಪದೇ ಪದೇ ಮಾಡಿಸಬೇಡಿ, ಆ ದುಡ್ಡಿಗೆ ಮೊಟ್ಟೆ ತಂದು ಕೊಡಿ. ಮಾಡಿಸಬೇಕಾದ್ದು ಎಕೋ, ನಿಮ್ಮ ಡಾಕ್ಟರು ಹೇಳಿದ ಸಮಯಕ್ಕೆ. ಆರ್‌ಎ ಫ್ಯಾಕ್ಟರ್ ಅನ್ನುವ ಟೆಸ್ಟೂ ಬೇಡ, ಅದು ದೊಡ್ಡವರ ಕೈಬೆರಳು ಸೊಟ್ಟಗಾಗುವ ರುಮಟಾಯ್ಡ್ ಕಾಯಿಲೆಗೆ. ಹೆಸರು ಒಂದೇ ಥರ ಕೇಳುತ್ತದೆ, ಕಾಯಿಲೆ ಪೂರ್ತಿ ಬೇರೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಪೆನಿಸಿಲಿನ್‌ಗೂ ಮಕ್ಕಳಾಗುವುದಕ್ಕೂ ಯಾವ ಸಂಬಂಧವೂ ಇಲ್ಲ. ಮುಟ್ಟಿನ ದಿನಗಳಲ್ಲೂ ಹಾಕಿಸಬಹುದು. ಮುಂದೆ ಬಸುರಿಯಾದಾಗ ಇಂಜೆಕ್ಷನ್ ಇನ್ನೂ ನಡೆಯುತ್ತಿದ್ದರೆ ಆಗಲೂ ಹಾಕಿಸಬಹುದು, ಹಾಕಿಸಲೇಬೇಕು. ಮದುವೆ ಮಾತು ಬಂದಾಗ ಮುಚ್ಚಿಡೋಣ ಅಂತ ಅನ್ನಿಸುತ್ತದೆ, ಅನ್ನಿಸುವುದು ಸಹಜ. ಮುಚ್ಚಿಟ್ಟ ಹುಡುಗಿ ಗಂಡನ ಮನೆಯಿಂದ ಆಸ್ಪತ್ರೆಗೆ ಹೇಗೆ ಹೋಗುತ್ತಾಳೆ, ಅದನ್ನೂ ಯೋಚಿಸಿ. ಮೊಸರು, ಬಾಳೆಹಣ್ಣು, ಮುದ್ದೆ, ಸೊಪ್ಪಿನ ಸಾರು, ಎಲ್ಲ ಕೊಡಿ. ಕೀಲು ಹಿಡಿಯುವುದು ವಾಯುವಿನಿಂದ ಅನ್ನುವ ಲೆಕ್ಕ ಈ ಕಾಯಿಲೆಗೆ ಹೊಂದುವುದಿಲ್ಲ. ಆಟಕ್ಕೂ, ಊತದ ಲೆಕ್ಕ ಹೇಳುವ ಇಎಸ್‌ಆರ್, ಸಿಆರ್‌ಪಿ ಟೆಸ್ಟ್ ಸರಿಬಂದಿದ್ದು ಡಾಕ್ಟರು ಹೂಂ ಅಂದಿದ್ದರೆ ಕಳಿಸಿ. ಸಣ್ಣ ಲೀಕ್ ಇರುವ ಮಗುವನ್ನು ಮೂಲೆಯಲ್ಲಿ ಕೂರಿಸುವ ಅಗತ್ಯವಿಲ್ಲ.

ಮಗನ ವಿಷಯ. ರುಮ್ಯಾಟಿಕ್ ಜ್ವರ ಅಂಟುವ ಕಾಯಿಲೆಯಲ್ಲ, ಆದರೆ ಆ ಗಂಟಲು ನೋವು ಅಂಟುತ್ತದೆ, ಒಂದೇ ಕೋಣೆಯಲ್ಲಿ ಒತ್ತಿಕೊಂಡು ಮಲಗುವವರಿಗೆ ಬೇಗ. ಹಾಗಂತ ಪ್ರತಿ ಗಂಟಲು ನೋವಿಗೂ ಆಂಟಿಬಯೋಟಿಕ್ ಬೇಡ. ಮೂಗು ಸೋರುತ್ತಿದೆ, ಕೆಮ್ಮು, ಧ್ವನಿ ಕಟ್ಟಿದೆ ಅಂದರೆ ಹೆಚ್ಚಾಗಿ ಅದು ವೈರಸ್. ನೆಗಡಿ ಕೆಮ್ಮು ಇಲ್ಲದೆ ಇದ್ದಕ್ಕಿದ್ದ ಹಾಗೆ ಜ್ವರ, ಎಂಜಲು ನುಂಗೋಕೂ ಆಗದಷ್ಟು ನೋವು, ಟಾನ್ಸಿಲ್ ಮೇಲೆ ಬಿಳೀ ಕೀವು, ದವಡೆ ಕೆಳಗೆ ಮುಟ್ಟಿದರೆ ನೋಯುವ ಗಂಟು, ಇಷ್ಟು ಕಂಡರೆ ಮರುದಿನವೇ ಡಾಕ್ಟರ ಹತ್ತಿರ ಹೋಗಿ. ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುವಾದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಒಂದೇ ಇಂಜೆಕ್ಷನ್ ಸಾಕು, ಮಾತ್ರೆಯಾದರೆ ಪೂರ್ತಿ ಹತ್ತು ದಿನ. ಮೂರನೇ ದಿನ ಗಂಟಲು ಸರಿಹೋಗಿರುತ್ತದೆ, ಉಳಿದ ಮಾತ್ರೆ ಅಲ್ಮೇರಾ ಸೇರುತ್ತದೆ, ಅಲ್ವಾ? ಅಲ್ಲೇ ಎಡವುವುದು. ಒಂದು ಸಮಾಧಾನದ ಸಂಗತಿ, ಎಂಬತ್ತು ವರ್ಷದಿಂದ ಬಳಸುತ್ತಿದ್ದರೂ ಪೆನಿಸಿಲಿನ್‌ಗೆ ಬಗ್ಗದ ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಇಲ್ಲಿಯವರೆಗೆ ಯಾವ ರೋಗಿಯಲ್ಲೂ ಸಿಕ್ಕಿಲ್ಲ.

ನೀವು ಕೇಳದೇ ಇರುವ ಒಂದನ್ನೂ ಹೇಳಿಬಿಡುತ್ತೇನೆ. ಮುಂದಿನ ಕೆಲವು ತಿಂಗಳು ಅವಳ ಕೈಬರಹದ ಮೇಲೆ ಒಂದು ಕಣ್ಣಿಡಿ. ಅಕ್ಷರ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಕೈಯಿಂದ ಲೋಟ ಜಾರಿದರೆ, ಮುಖ ಕಿವುಚಿದರೆ, ಸುಮ್ನೆ ಸುಮ್ನೆ ಅತ್ತರೆ, ಅದು ಮೊಂಡಾಟ ಇಲ್ಲದಿರಬಹುದು. ಇದಕ್ಕೆ ಕೊರಿಯಾ ಅಂತ ಹೆಸರು, ಇದೇ ಜ್ವರ ಮೆದುಳಿಗೆ ಮುಟ್ಟಿದಾಗ ಬರುವುದು. ಗಂಟಲು ನೋವು ಹೋಗಿ ತಿಂಗಳುಗಳಾದ ಮೇಲೂ ಬರಬಹುದು, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಕ್ಲಾಸಿನಲ್ಲಿ ಮೇಷ್ಟ್ರು ಬೈಯುತ್ತಾರೆ, ಮನೆಯಲ್ಲಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ. ಹಾಗೆ ಕಂಡರೆ ಡಾಕ್ಟರ ಹತ್ತಿರ ಬನ್ನಿ, ಅದು ವಾಸಿಯಾಗುತ್ತದೆ.

ಪ್ರತಿ ಸಲ ಮೈಸೂರಿಗೇ ಬರಬೇಕಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಇದಕ್ಕೇ ಎಷ್ಟೋ ಜನ ಬಿಡುವುದು. ಮೈಸೂರಿನ ಡಾಕ್ಟರ ಹತ್ತಿರ ಔಷಧಿ, ಅಳತೆ, ದಿನ, ಎಲ್ಲಿಯವರೆಗೆ ಅನ್ನುವುದೆಲ್ಲ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ ಸೀಲು ಹಾಕಿಸಿಕೊಳ್ಳಿ. ಆ ಪುಸ್ತಕ ತೋರಿಸಿ ಮದ್ದೂರಿನ ಸರ್ಕಾರಿ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಹಾಕಿಸಬಹುದು. ಪ್ರತಿ ಸಲ ತಾರೀಕು, ಸಹಿ ಅದರಲ್ಲೇ ಆಗಲಿ. ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ವಿಷಯ ತಿಳಿಸಿ, ಈ ಹೃದಯದ ಕಾಯಿಲೆ ಅವರು ನೋಡಬೇಕಾದ ಪಟ್ಟಿಯಲ್ಲೇ ಇದೆ. ಔಷಧಿ ಎಲ್ಲ ಕಡೆ ಯಾವಾಗಲೂ ಸಿಗುವುದಿಲ್ಲ, ಅದಕ್ಕೇ ಒಂದು ಸೀಸೆ ಮುಂಚೆಯೇ ತಂದಿಟ್ಟುಕೊಂಡಿರಿ.

ಇನ್ನು ಹಬ್ಬ. ಒಂದು ವಾರ ತಡ ಮಾಡಿದರೆ 28 ದಿನವಾಗುತ್ತದೆ, ಬೇಡ. ಎರಡು ದಿನ ಮೊದಲೇ ಹಾಕಿಸಿದರೆ ಏನೂ ತೊಂದರೆಯಿಲ್ಲ. ಸೋಮವಾರ ಬೆಳಿಗ್ಗೆ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಅರ್ಧ ಗಂಟೆ ಕೂತು ಬನ್ನಿ, ಮಂಗಳವಾರ ತವರಿನ ಬಸ್ ಹತ್ತಿ. ಹಬ್ಬದ ದಿನಕ್ಕೆ ಸೊಂಟದ ನೋವೂ ಇಳಿದಿರುತ್ತದೆ, ಹೊಸ ಲಂಗ ಹಾಕಿಕೊಂಡು ಓಡಾಡಲಿ. ಮುಂದಿನ 21 ದಿನ ಆ ಸೋಮವಾರದಿಂದ ಎಣಿಸಿ. ಕ್ಯಾಲೆಂಡರಿನಲ್ಲಿ ಬುಧವಾರದ ಸುತ್ತುಗಳನ್ನು ಹೊಡೆದು ಹಾಕಿ, ಇನ್ನು ನಿಮ್ಮ ವಾರ ಸೋಮವಾರ.